ಹಿತ್ತಲ ಗಂಧದ ಒಡೆತನ: ಒಂದು ಮೀಮಾಂಸೆ

ಹಿತ್ತಲಲ್ಲಿ ಹುಟ್ಟಿದ ಶ್ರೀಗಂಧ ಯಾರದ್ದು? ಈ ಪ್ರಶ್ನೆಯ ಮುಂದೆ ಜೀವ-ಬ್ರಹ್ಮರ ಭೇದಾಭೇದ ವಿಚಾರ ಮಕ್ಕಳಾಟ ಎಂಬುದು ನಮ್ಮ ಪೀಠದ ಅಭಿಮತ. ಅಲ್ಲಿ ವಾದಿಗಳಾದರೂ ಹಗಲು ಹೊತ್ತಿನಲ್ಲಿ ಸೇರುತ್ತಾರೆ.

ಮೊದಲು ಪೂರ್ವಪಕ್ಷ: ಮರ ರಾಜನದು. 1792ರಲ್ಲಿ ಟಿಪ್ಪು ಸುಲ್ತಾನ ಗಂಧವನ್ನು ರಾಜವೃಕ್ಷವೆಂದು ಸಾರಿದ. ಸುಲ್ತಾನ ಹೋದ, ಒಡೆಯರು ಬಂದರು, ಕೊನೆಗೆ ಪ್ರಜಾಪ್ರಭುತ್ವವೂ ಬಂತು. ಮರ ಮಾತ್ರ ಅರಮನೆಯ ಊಳಿಗ ಬಿಡಲಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಪಟ್ಟಾ ಜಮೀನಿನ ಗಂಧ ಸರ್ಕಾರದ್ದೇ. ನೆಲ ರೈತನದು, ಕಂದಾಯ ರೈತನದು, ಮರವನ್ನು ಕಾಯುವ ಹೊಣೆಯೂ ರೈತನದು. ಹಣ್ಣು ತಿಂದ ಹಕ್ಕಿಯೊಂದು ಅವನ ಬೇಲಿಯಲ್ಲಿ ಬೀಜ ಉದುರಿಸಿತೆಂದರೆ ಆ ಗಳಿಗೆಯಿಂದ ಅವನು ಸರ್ಕಾರದ ಬಿಟ್ಟಿ ಕಾವಲುಗಾರ. ರೈತ ಇದನ್ನು ಪಂಡಿತರಿಗಿಂತ ಮೊದಲೇ ಅರಿತ. ಎರಡೆಲೆ ಬಿಟ್ಟ ಸಸಿಯನ್ನು ಕಳೆಯ ಜೊತೆಗೇ ಕಿತ್ತೆಸೆದ. ಹೆಬ್ಬೆರಳು ತೋರುಬೆರಳುಗಳು ಕೂಡಿ ಬರೆದ ಈ ಭಾಷ್ಯದಷ್ಟು ಚಿಕ್ಕದು ನಮ್ಮ ಕಾನೂನು ಸಾಹಿತ್ಯದಲ್ಲಿ ಇನ್ನೊಂದಿಲ್ಲ.

ಇನ್ನು ಉತ್ತರಪಕ್ಷ. 2001ರ ತಿದ್ದುಪಡಿ ಮರ ನೆಲದೊಡೆಯನದೇ ಎಂದಿತು. ಆನಂದಬಾಷ್ಪ ಒರೆಸಿಕೊಂಡು ಮುಂದೆ ಓದಬೇಕು. ಕೀಳಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ರಹದಾರಿ. ಆ ತಿದ್ದುಪಡಿಯ ಪ್ರಕಾರ ಮಾರುವುದೂ ಇಲಾಖೆಗೆ, ಇಲ್ಲವೇ ಸರ್ಕಾರ ಗೊತ್ತುಮಾಡಿದ ಸಂಸ್ಥೆಗೆ. ಒಡೆತನದ ಲಕ್ಷಣಗಳ ಪೈಕಿ ಅರ್ಜಿಯಿಲ್ಲದೆ ಉಳಿದದ್ದು ನೀರೆರೆಯುವುದೊಂದೇ. (ಅದನ್ನು ಇಲಾಖೆಯ ಗಮನಕ್ಕೆ ತರದಿರುವುದು ಲೇಸು.)

ಇಲ್ಲೊಂದು ಸೂಕ್ಷ್ಮ. ಬಲ್ಲವರು ಗಂಧವನ್ನು ಬುಡಕ್ಕೆ ಕಡಿಯುವುದಿಲ್ಲ. ಬೇರಿನ ಚೇಗಿನಲ್ಲೂ ಎಣ್ಣೆಯಿರುವುದರಿಂದ ಸುತ್ತ ಅಗೆದು ಬೇರುಸಮೇತ ಎಬ್ಬಿಸುತ್ತಾರೆ. ಆ ಬೇರೋ, ಸಾಧುವಲ್ಲ. ಗಂಧ ಅರೆಪರಾವಲಂಬಿ; ತೊಗರಿಯೋ ಹೊಂಗೆಯೋ ಸರ್ವೆಯೋ, ಹತ್ತಿರ ಸಿಕ್ಕ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಆಹಾರ ಹೀರುತ್ತದೆ. ಹಾಗಿದ್ದಮೇಲೆ ಪಕ್ಕದ ಜಮೀನಿನ ಹೊಂಗೆಯನ್ನುಂಡು ನಮ್ಮ ಹಿತ್ತಲಲ್ಲಿ ಚೇಗು ಕಟ್ಟಿದ ಮರದಲ್ಲಿ ಪಕ್ಕದವರ ಪಾಲೆಷ್ಟು? ಪಹಣಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಅಣ್ಣತಮ್ಮಂದಿರ ನಡುವೆ ಈ ವಿಷಯ ಎತ್ತಬಾರದೆಂದು ಪೀಠ ಎಚ್ಚರಿಸುತ್ತದೆ. ನ್ಯಾಯಾಲಯಗಳಿಗೆ ಈಗಾಗಲೇ ಕೆಲಸ ಸಾಕಷ್ಟಿದೆ.

ಉಳಿದದ್ದು ಕಳ್ಳನ ಪಂಥ. ಕಚೇರಿ ಶಬ್ದಪ್ರಮಾಣವನ್ನು ನಂಬಿದರೆ ಇವನು ಶುದ್ಧ ಪ್ರತ್ಯಕ್ಷವಾದಿ. ಕಾಂಡಕ್ಕೆ ತೂತು ಕೊರೆದು ನೋಡುತ್ತಾನೆ. ಚೇಗು ಬಲಿತಿದ್ದರೆ ಒಯ್ಯುತ್ತಾನೆ, ಎಳೆಯದಾದರೆ ಇನ್ನಷ್ಟು ಕಾಲ ನಿಮ್ಮ ಆರೈಕೆಗೇ ಬಿಟ್ಟು ಹೋಗುತ್ತಾನೆ. ಸರ್ವೆ ನಕ್ಷೆ ಕೇಳುವುದಿಲ್ಲ, ನಾಳೆ ಬಾ ಎನ್ನುವುದಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುವುದಿಲ್ಲ. ಮಾಲೀಕನ ಸಹಿಯೂ ಬೇಡ. ಈ ಪಂಥದ ಅಧ್ಯಯನಕ್ಕೆ ಅಮಾವಾಸ್ಯೆಯ ರಾತ್ರಿ ಕ್ಷೇತ್ರಕಾರ್ಯ ನಡೆಸಬೇಕಾದ್ದರಿಂದ, ಹಿರಿಯರಾದ ನಾವು ಅದನ್ನು ಕಿರಿಯ ಸಂಶೋಧಕರಿಗೆ ಬಿಟ್ಟುಕೊಟ್ಟಿದ್ದೇವೆ.