ಬೆಳ್ಳಿತೆರೆಯ ವಠಾರ

ಅಳಿಯ: ಮಾವ, ಬೆಂಗಳೂರಿನಲ್ಲಿ ನೆಲಸಲು ನಿಶ್ಚಯಿಸಿದ್ದೇನೆ. 1990ರ ‘ಗಣೇಶನ ಮದುವೆ’ಯನ್ನು ಮತ್ತೊಮ್ಮೆ ನೋಡಿದೆ. ಅನಂತನಾಗರು ಬಾಡಿಗೆದಾರರು, ಮುಖ್ಯಮಂತ್ರಿ ಚಂದ್ರು ವಠಾರದ ಯಜಮಾನರು. ಕಲಹವೂ ಅಲ್ಲೇ, ಪ್ರಣಯವೂ ಅಲ್ಲೇ!

ಮಾವ: ಫಣಿ ರಾಮಚಂದ್ರರ ಆ ಚಿತ್ರವನ್ನು ಕಂಡು ನಗದವನು ಅರಸಿಕನೇ ಸರಿ; ಆದರೆ ಅಲ್ಲಿಯ ಯಜಮಾನನು ಬಾಡಿಗೆದಾರನೊಡನೆ ಜಗಳವಾಡುವಷ್ಟಾದರೂ ಪರಿಚಯವಿಟ್ಟುಕೊಂಡಿದ್ದನೆಂಬುದನ್ನು ನೀನು ಮರೆಯಲಾಗದು. 10 ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ, 11 ತಿಂಗಳ ಕರಾರುಪತ್ರಕ್ಕೆ ರುಜು ಹಾಕಿಸಿಕೊಳ್ಳುವ, ಬಿಟ್ಟುಹೋಗುವಾಗ ಸುಣ್ಣಬಣ್ಣದ ನೆಪದಲ್ಲಿ ಒಂದು ತಿಂಗಳಿನದನ್ನು ಮುರಿದುಕೊಳ್ಳುವ ಇಂದಿನ ಮಹಾನುಭಾವನ ಮುಖದರ್ಶನವೇ ದುರ್ಲಭ. ದಲ್ಲಾಳಿಯೇ ನಿನಗೆ ಪ್ರತ್ಯಕ್ಷ ದೈವ. (ಈ ಮಾತಿಗೆ ಲೇಖಕನ ಸಂಪೂರ್ಣ ಸಮ್ಮತಿಯುಂಟು.)

ಅಳಿಯ: ಆದರೂ ಚಿತ್ರಗಳಲ್ಲಿ ನಾಯಕನು ಬೆಳಗ್ಗೆ ಬಸ್ಸಿನಿಂದಿಳಿದು ಸಂಜೆಯೊಳಗೆ ಕೆಲಸ, ಕೊಠಡಿ, ಕನ್ಯೆ ಮೂರನ್ನೂ ಪಡೆಯುತ್ತಾನಲ್ಲ?

ಮಾವ: ಪಡೆಯದೆ ಏನು! ಕಬ್ಬನ್ ಪಾರ್ಕಿನಲ್ಲಿ ಆರಂಭವಾದ ಹಾಡು ಮುಂದಿನ ಚರಣಕ್ಕೆ ಲಾಲ್‌ಬಾಗನ್ನು ಮುಟ್ಟುವುದು ಚಿತ್ರಧರ್ಮ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದ ಪ್ರೇಮಿಯು, ಹಸಿರು ದೀಪವು ಮೂರು ಬಾರಿ ಬಂದು ಹೋದರೂ ತಾನು ಇದ್ದಲ್ಲಿಯೇ ಇರುವುದರಿಂದ, ಪಲ್ಲವಿಯನ್ನೇ ಹಾಡಿಕೊಂಡಿರಬೇಕಾಗುತ್ತದೆ. ಅದನ್ನು ಯಥಾವತ್ತಾಗಿ ಚಿತ್ರಿಸಹೊರಟ ನಿರ್ಮಾಪಕನು ದಿವಾಳಿಯಾದಾನು.

ಅಳಿಯ: ವಠಾರದ ನಲ್ಲಿ ಜಗಳವಾದರೂ ಉಳಿದಿದೆಯೆ?

ಮಾವ: ನಲ್ಲಿಯಲ್ಲಿ ನೀರಿದ್ದರಲ್ಲವೆ ಜಗಳ! 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಲಾಗಿ, ಈಜುಕೊಳವುಳ್ಳ ಅಪಾರ್ಟ್‌ಮೆಂಟಿನ ಶ್ರೀಮಂತರೂ ಟ್ಯಾಂಕರಿನ ಹಾದಿ ಕಾದರು. ನಗರದ ಅತ್ಯುತ್ತಮ ಹಾಸ್ಯದೃಶ್ಯವೆಂದರೆ ನನ್ನ ಮಟ್ಟಿಗೆ ಅದೇ.

ಅಳಿಯ: ಹಾಗಾದರೆ ಹೋಗಬಾರದೆ?

ಮಾವ: ಧಾರಾಳವಾಗಿ ಹೋಗಪ್ಪ. ಮುಂಗಡದ ಹಣವನ್ನು ಮಾತ್ರ ನನ್ನಲ್ಲಿ ಕೇಳಬೇಡ.