ಗೌಡರ ಜನಸಂಖ್ಯಾ ಚಿಂತೆ

ಪಂಚಾಯ್ತಿ ಕಟ್ಟೆಯ ಮೇಲೆ ಗೌಡರು ಪೇಪರ್ ಮಡಚಿದರು.

"ಈ ದೇಶ ಉದ್ಧಾರ ಆಗಲ್ಲ ಕಣಮ್ಮ. ಜನ ಜಾಸ್ತಿ ಆಗೋದ್ರು. ಕಾನೂನು ತರ್ಬೇಕು!"

"ಈಗ ಸರಾಸರಿ ಎರಡೇ ಮಕ್ಕಳು ಗೌಡ್ರೇ, ಸರ್ಕಾರದ ಸರ್ವೆನೇ ಹೇಳುತ್ತೆ," ಎಂದಳು ಆಶಾ ಕಾರ್ಯಕರ್ತೆ.

"ಸರ್ವೆಯವರಿಗೇನು ಗೊತ್ತು? ಬಸ್ಸಲ್ಲಿ ಸೀಟೇ ಸಿಗಲ್ಲ!"

ಅವಳು ಕಂಕುಳಿನ ರಿಜಿಸ್ಟರ್ ತೆರೆದಳು. "ಬುಧವಾರ ತಾಲ್ಲೂಕು ಆಸ್ಪತ್ರೆಲಿ ಗಂಡಸರ ಆಪರೇಷನ್ ಕ್ಯಾಂಪು. ಹೊಲಿಗೆ ಇಲ್ಲ, ಅವತ್ತೇ ಮನೆಗೆ. ನಿಮ್ಮ ಮಗನ ಹೆಸರು ಬರ್ಕೊಳ್ಳಾ? ಇಬ್ಬರು ಮಕ್ಕಳಾದ್ರಲ್ಲ."

ಗೌಡರಿಗೆ ಕೆಮ್ಮು ಬಂತು. "ಟ್ರ್ಯಾಕ್ಟರ್ ಓಡಿಸೋನು, ಶಕ್ತಿ ಹೋದ್ರೆ?"

"ಟ್ರ್ಯಾಕ್ಟರಿಗೆ ಬೇಕಿರೋದು ಡೀಸೆಲ್ಲು ಗೌಡ್ರೇ."

"ಸೊಸೆ ಹೆಸರು ಬರ್ಕೋ."

"ಮೊನ್ನೆ ನೋಡಿದಾಗ ಅವಳ ಹಿಮೋಗ್ಲೋಬಿನ್ ಎಂಟೇ ಇತ್ತು."

"ಹೆಂಗಸರು ತಡ್ಕೋತಾರೆ ಬಿಡು. ಎರಡು ದಿನ ಬಿಟ್ಟು ಕೊಟ್ಟಿಗೆ ಬಾಚ್ಲಿ, ಬೇಡ ಅಂತೀನಾ?"

ಎಂಥ ಉದಾರ ಮನಸ್ಸು! ಗೌಡರು ಒಂಟಿಯೂ ಅಲ್ಲ. ದೇಶ ಕುಟುಂಬ ಯೋಜನೆ ಶುರು ಮಾಡಿದ್ದು 1952ರಲ್ಲಿ. ಇಷ್ಟು ವರ್ಷಗಳ ನಂತರದ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ದಂಪತಿಗಳಲ್ಲಿ ಹೆಂಡತಿಗೆ ಆಪರೇಷನ್ ಆಗಿರುವುದು ಶೇ 37.9, ಗಂಡನಿಗೆ ಶೇ 0.3.