ಪಿಸಿಆರ್ ದೋಷಪ್ರಕರಣ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ, ಪಿಸಿಆರ್‌ನ ದೋಷಗಳು. ಪ್ರಯೋಜನ, ಕ್ಯಾಂಟೀನ್ ಮುಚ್ಚುವ ಮುನ್ನ ಲ್ಯಾಬಿನಿಂದ ಹೊರಬೀಳುವುದು. ಸಂಬಂಧ, ದೋಷಕ್ಕೂ ಅದರ ಕಾರಣಕ್ಕೂ ಇರುವಂಥದ್ದು. ವಿದ್ಯಾರ್ಥಿಗೂ ಗೈಡಿಗೂ ಇರುವ ಸಂಬಂಧ ಪ್ರತ್ಯೇಕ ಗ್ರಂಥವನ್ನೇ ಬೇಡುವುದರಿಂದ ಇಲ್ಲಿ ಎತ್ತಿಕೊಂಡಿಲ್ಲ. ಇನ್ನು ಅಧಿಕಾರಿ: ಜೆಲ್ಲನ್ನು ಯುವಿ ಬೆಳಕಿಗೆ ಹಿಡಿದು, ಲ್ಯಾಡರ್ ಬಿಟ್ಟು ಬೇರೇನೂ ಕಾಣದೆ, "ಲ್ಯಾಡರ್ ಮಾತ್ರ ಚೆನ್ನಾಗಿ ಬಂದಿದೆ" ಎಂದು ಒಮ್ಮೆಯಾದರೂ ಸಮಾಧಾನಪಟ್ಟುಕೊಂಡವರು. ಇಷ್ಟು ಅರ್ಹತೆ ಸಾಕು. ನೆಟ್ ಪಾಸಾಗಿರಬೇಕೆಂಬ ನಿಯಮವಿಲ್ಲ.

ಒಂದನೆಯ ಅಧಿಕರಣ: ಸ್ವರೂಪ

ಬೇಕಾದ ಡಿಎನ್‌ಎ ತುಣುಕನ್ನು ಟ್ಯೂಬಿನಲ್ಲೇ ಕೋಟಿಗಟ್ಟಲೆ ನಕಲು ಮಾಡುವುದು ಪಿಸಿಆರ್. 95 ಡಿಗ್ರಿಯಲ್ಲಿ ಎರಡೆಳೆ ಬಿಡಿಸು, 55ರ ಆಸುಪಾಸಿನಲ್ಲಿ ಪ್ರೈಮರ್ ಅಂಟಿಸು, 72ರಲ್ಲಿ ಹೊಸ ಎಳೆ ಬೆಳೆಸು. ಇದನ್ನೇ 30 ಸಲ ಮಾಡು. ಸುತ್ತಿಗೊಮ್ಮೆ ಇಮ್ಮಡಿಯಾದರೆ ಒಂದೇ ಒಂದು ಅಣು ಕೊನೆಗೆ ನೂರು ಕೋಟಿ ದಾಟುತ್ತದೆ. ಈ ಲೆಕ್ಕ ಕಾಗದದ ಮೇಲೆ ಎಂದೂ ತಪ್ಪಿದ್ದಿಲ್ಲ.

ಈ ಶಾಸ್ತ್ರದ ಮೂಲಪುರುಷ ಕ್ಯಾರಿ ಮುಲಿಸ್. ಕ್ಯಾಲಿಫೋರ್ನಿಯಾದ ಸೀಟಸ್ ಕಂಪನಿಯಲ್ಲಿದ್ದಾಗ 1983ರಲ್ಲಿ ಹೊಳೆದ ವಿಚಾರಕ್ಕೆ 1993ರಲ್ಲಿ ನೊಬೆಲ್ ಬಂತು. ಮೊದಮೊದಲು ಬಳಸುತ್ತಿದ್ದ ಇ. ಕೋಲಿಯ ಕಿಣ್ವ 95 ಡಿಗ್ರಿಗೆ ಕೆಟ್ಟುಹೋಗುತ್ತಿದ್ದುದರಿಂದ ಪ್ರತಿ ಸುತ್ತಿಗೂ ಮುಚ್ಚಳ ತೆಗೆದು ಹೊಸದಾಗಿ ಹಾಕಬೇಕಿತ್ತು. ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಯಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1960ರ ದಶಕದಲ್ಲಿ ಕಂಡುಹಿಡಿದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದ ಟ್ಯಾಕ್ ಪಾಲಿಮರೇಸ್ ಬಂದು ಆ ತಾಪತ್ರಯ ತಪ್ಪಿಸಿತು. ಕಿಣ್ವ ಬಿಸಿ ತಡೆಯುವುದನ್ನು ಕಲಿತ ಮೇಲೆ ದೂರು ಹೊರಲು ಮನುಷ್ಯರೊಬ್ಬರೇ ಉಳಿದರು.

ಉದಾಹರಣೆಗೆ ಒಂದೇ ಪ್ರಯೋಗವನ್ನು ಹಿಡಿಯೋಣ: ಮಣ್ಣಿನ ಬ್ಯಾಕ್ಟೀರಿಯಾದ 16ಎಸ್ ಜೀನಿನ ಪಿಸಿಆರ್. ಸೂಕ್ಷ್ಮಜೀವಿಶಾಸ್ತ್ರದ ಎಂಎಸ್ಸಿ ಪ್ರಾಜೆಕ್ಟುಗಳಲ್ಲಿ ಇದು ನಿತ್ಯಕರ್ಮ. ಪ್ರೈಮರ್‌ಗಳು 27ಎಫ್ ಮತ್ತು 1492ಆರ್. ಬರಬೇಕಾದ ಬ್ಯಾಂಡ್ ಸುಮಾರು 1500 ಬೇಸ್ ಜೋಡಿ.

ಎರಡನೆಯ ಅಧಿಕರಣ: ದೋಷಗಳು ಮೂರೇ

ಲಕ್ಷಣಕ್ಕೆ ತಗಲುವ ದೋಷ ಅಸಂಭವ, ಅವ್ಯಾಪ್ತಿ, ಅತಿವ್ಯಾಪ್ತಿ ಎಂದು ಮೂರು ಬಗೆ ಎಂಬುದನ್ನು ನೈಯಾಯಿಕರು ಎಂದೋ ತೀರ್ಮಾನಿಸಿದ್ದಾರೆ. ಅವರು ಜೆಲ್ ಓಡಿಸಿದವರಲ್ಲ. ಆದರೂ ಜೆಲ್ಲಿನ ದೋಷಗಳು ಈ ಮೂರರಾಚೆಗೆ ಹೋಗುವುದಿಲ್ಲ. ಎಲ್ಲೂ ಬ್ಯಾಂಡ್ ಇಲ್ಲದಿದ್ದರೆ ಅಸಂಭವ. ಕೆಲವು ಸ್ಯಾಂಪಲ್ಲಿಗೆ ಬಂದು ಕೆಲವಕ್ಕೆ ಬಾರದಿದ್ದರೆ ಅವ್ಯಾಪ್ತಿ. ಕೇಳಿದ್ದರ ಜೊತೆ ಕೇಳದ್ದೂ ಬಂದರೆ ಅತಿವ್ಯಾಪ್ತಿ.

ಅಸಂಭವ. ಬ್ಯಾಂಡಿನ ಅಭಾವವೇ ಇದರ ರೂಪ. ಅಭಾವ ನಾಲ್ಕು ಬಗೆ.

ಪ್ರಾಗಭಾವವೆಂದರೆ ಇನ್ನೂ ಹುಟ್ಟದಿರುವುದು. ಟ್ಯಾಕ್ ನಿಮಿಷಕ್ಕೆ ಸುಮಾರು 1000 ಬೇಸ್ ಜೋಡಿಸುತ್ತದೆ. 1500ಕ್ಕೆ ಒಂದೂವರೆ ನಿಮಿಷವಾದರೂ ಬೇಕು. ಮೆಷಿನ್ನಿನಲ್ಲಿ ಮೊದಲೇ ಸೇವ್ ಆಗಿದ್ದ, ಸೀನಿಯರ್ ಯಾರೋ 300 ಬೇಸ್ ತುಣುಕಿಗೆಂದು ಮಾಡಿಟ್ಟ ಪ್ರೋಗ್ರಾಮನ್ನು ಹಾಗೇ ಒತ್ತಿದರೆ 72 ಡಿಗ್ರಿಯಲ್ಲಿ ಸಿಗುವುದು 30 ಸೆಕೆಂಡು. ಕಿಣ್ವ ಅರ್ಧ ದಾರಿಯಲ್ಲಿರುವಾಗಲೇ ಮತ್ತೆ 95.

ಪ್ರಧ್ವಂಸಾಭಾವವೆಂದರೆ ಇದ್ದು ಹಾಳಾಗಿರುವುದು. ದಿನಕ್ಕೆ ನಾಲ್ಕು ಸಲ ಫ್ರೀಜರಿನಿಂದ ತೆಗೆದು ಕರಗಿಸಿ ಮತ್ತೆ ಇಟ್ಟ ಡಿಎನ್‌ಟಿಪಿ ಇದಕ್ಕೆ ಉದಾಹರಣೆ. ಜೆಲ್ಲಿಗೆ ಕರೆಂಟ್ ಕೊಟ್ಟು ಟೀ ಕುಡಿಯಲು ಹೋದವರ ಹರಟೆ ಉದ್ದವಾಗಿ, ಡೈ ಸಮೇತ ಬ್ಯಾಂಡೂ ಬಫರಿಗಿಳಿದುಹೋಗಿದ್ದರೆ ಅದೂ ಇದೇ ವರ್ಗ.

ಅತ್ಯಂತಾಭಾವವೆಂದರೆ ಮೂರು ಕಾಲಕ್ಕೂ ಇಲ್ಲದಿರುವುದು. ಪ್ಲೇಟಿನ ಮೇಲೆ ಕೆನೆಬಣ್ಣಕ್ಕೆ ನುಣ್ಣಗೆ ಬೆಳೆದಿದ್ದ ಕಾಲನಿ ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಯೀಸ್ಟಿನ ನ್ಯೂಕ್ಲಿಯಸ್ಸಿನಲ್ಲಿರುವುದು 18ಎಸ್. 27ಎಫ್‌ಗೆ ಅಲ್ಲಿ ಅಂಟಲು ಜಾಗವಿಲ್ಲ. ಇಲ್ಲಿ ಆಪ್ಟಿಮೈಸ್ ಮಾಡುವುದೆಲ್ಲ ನಿಷ್ಫಲ. ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡುವುದೇ ಪರಿಹಾರ.

ಅನ್ಯೋನ್ಯಾಭಾವವೆಂದರೆ ಇದು ಅದಲ್ಲ ಎಂಬುದು. ಗಡಿಗೆ ಬಟ್ಟೆಯಲ್ಲ, ಹಾಗೆಯೇ 6ನೇ ಟ್ಯೂಬು 9ನೇ ಟ್ಯೂಬಲ್ಲ. ದುಂಡು ಮುಚ್ಚಳದ ಮೇಲೆ ಅಡಿಗೆರೆ ಎಳೆಯದೆ ಮಾರ್ಕರಿನಲ್ಲಿ ಬರೆದ ಅಂಕಿ ರ್‍ಯಾಕಿನಲ್ಲಿ ಅರ್ಧ ಸುತ್ತು ತಿರುಗಿದರೆ ಈ ತತ್ತ್ವ ಪ್ರತ್ಯಕ್ಷವಾಗುತ್ತದೆ.

ಅವ್ಯಾಪ್ತಿ. ಇದರ ಮೂಲ ಬಹುಪಾಲು ಡಿಎನ್‌ಎ ಜೊತೆಗೆ ಬಂದ ಅನಾಹ್ವಾನಿತರಲ್ಲಿ. ಮಣ್ಣಿನಿಂದ ನೇರವಾಗಿ ತೆಗೆದರೆ ಹ್ಯೂಮಿಕ್ ಆಮ್ಲ, ರಕ್ತದಿಂದ ತೆಗೆದರೆ ಹೀಮ್, ಎಲೆಯಿಂದ ತೆಗೆದರೆ ಪಾಲಿಫಿನಾಲ್. ಸರಿಯಾಗಿ ಒಣಗಿಸದ ಎಥನಾಲ್ ಎಲ್ಲರಿಗೂ ಸಾಮಾನ್ಯ. ಹ್ಯೂಮಿಕ್ ಆಮ್ಲ ಹೆಚ್ಚಿದ್ದರೆ ಡಿಎನ್‌ಎ ದ್ರಾವಣಕ್ಕೆ ಕಂದು ಛಾಯೆ ಬರುವುದು ಕಣ್ಣಿಗೇ ಕಾಣುತ್ತದೆ. ಬ್ಯಾಂಡ್ ಬರಲಿಲ್ಲವೆಂದು ಡಿಎನ್‌ಎ ಇನ್ನಷ್ಟು ಸುರಿಯುವುದು ಲೋಕರೂಢಿ. ಅದರೊಂದಿಗೆ ಅಡ್ಡಿಗಾರರನ್ನೂ ಸುರಿದಂತಾಗುತ್ತದೆ. ಹತ್ತು ಪಟ್ಟು ತೆಳುವಾಗಿಸಿ ನೋಡಬೇಕು. ಕಮ್ಮಿ ಹಾಕಿದಾಗ ಬ್ಯಾಂಡ್ ಬಂದರೆ ಅಡ್ಡಿಯಿತ್ತು ಎಂಬುದು ಅಲ್ಲೇ ಸಿದ್ಧ. ಬಿಎಸ್‌ಎ ಸೇರಿಸಿದರೆ ಅದೂ ಈ ಅಡ್ಡಿಗಾರರಲ್ಲಿ ಕೆಲವರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅತಿವ್ಯಾಪ್ತಿ. ಇದರಲ್ಲಿ ಮೂರು ಉಪಭೇದ. ಬೇಡದ ಬ್ಯಾಂಡುಗಳು ಸಾಲಾಗಿ ನಿಂತರೆ ಬಹುಬ್ಯಾಂಡ್. 100 ಬೇಸಿಗಿಂತ ಕೆಳಗೆ ಮಸುಕಾಗಿ ಕೂತರೆ ಪ್ರೈಮರ್ ಡೈಮರ್. ಲೇನಿನುದ್ದಕ್ಕೂ ಬಳಿದಂತಿದ್ದರೆ ಸ್ಮಿಯರ್. ಸ್ಮಿಯರಿಗೆ ಡಿಎನ್‌ಎ ಅಥವಾ ಸುತ್ತು ಹೆಚ್ಚಾದದ್ದು ಸಾಮಾನ್ಯ ಕಾರಣ. ಡೈಮರಿಗೆ ಕಾರಣ, ಟೆಂಪ್ಲೇಟ್ ಬಿಟ್ಟು ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿಕೊಂಡದ್ದು. ಪ್ರೈಮರ್ ಕಡಿಮೆ ಮಾಡಿ, 95 ಡಿಗ್ರಿ ಮುಟ್ಟುವವರೆಗೆ ಕೆಲಸಕ್ಕಿಳಿಯದ ಹಾಟ್‌ಸ್ಟಾರ್ಟ್ ಟ್ಯಾಕ್ ಬಳಸಬೇಕು.

ಬಹುಬ್ಯಾಂಡಿಗೆ ಸ್ವಲ್ಪ ಗಣಿತ ಬೇಕು. ಎ, ಟಿ ಒಂದೊಂದಕ್ಕೆ 2, ಜಿ, ಸಿ ಒಂದೊಂದಕ್ಕೆ 4 ಎಂಬ ಒರಟು ಸೂತ್ರ ಹಿಡಿದರೆ, 20 ಅಕ್ಷರದ 27ಎಫ್‌ನಲ್ಲಿ ಎ-ಟಿ ಹತ್ತು, ಜಿ-ಸಿ ಒಂಬತ್ತು. ಹನ್ನೆರಡನೆಯ ಅಕ್ಷರ ಎ ಆದರೂ ಆಗಬಹುದು, ಸಿ ಆದರೂ ಆಗಬಹುದು. ಆದ್ದರಿಂದ ಕರಗುವ ತಾಪ 58 ಅಥವಾ 60. ಅದಕ್ಕಿಂತ ಐದಾರು ಡಿಗ್ರಿ ಕೆಳಗೆ ಶುರುಮಾಡಿ, ಬೇಡದ್ದು ಬಂದರೆ ಗ್ರೇಡಿಯಂಟ್ ಹಾಕಿ ಮೇಲಕ್ಕೇರಬೇಕು. ಮೆಗ್ನೀಸಿಯಮ್ 1.5 ಮಿಲಿಮೋಲಾರ್ ಆರಂಭದ ಅಳತೆ. ಕಮ್ಮಿಯಾದರೆ ಅಸಂಭವ, ಹೆಚ್ಚಾದರೆ ಅತಿವ್ಯಾಪ್ತಿ. ಡಿಎನ್‌ಎ ಕರಗಿಸಿದ ಟಿಇ ಬಫರಿನಲ್ಲಿರುವ ಇಡಿಟಿಎ ಈ ಮೆಗ್ನೀಸಿಯಮನ್ನೇ ಕಿತ್ತುಕೊಳ್ಳುವುದರಿಂದ ಲೆಕ್ಕದಲ್ಲಿದ್ದದ್ದೆಲ್ಲ ಟ್ಯೂಬಿನಲ್ಲಿ ಇರುವುದಿಲ್ಲ.

ಮೂರನೆಯ ಅಧಿಕರಣ: ಪ್ರಮಾಣ

ಪೂರ್ವಪಕ್ಷ: ದೋಷ ಮೆಷಿನ್ನಿನದು, ಹೋದ ವಾರ ಕರೆಂಟ್ ಹೋಗಿತ್ತಲ್ಲ. ಉತ್ತರ: ಅದೇ ಮೆಷಿನ್ನಿನ ಪಕ್ಕದ ಕುಳಿಯಲ್ಲಿ ಜೂನಿಯರ್ ಹುಡುಗಿಯ ಟ್ಯೂಬಿತ್ತು; ಅವಳ ಬ್ಯಾಂಡ್ ಬಂದಿದೆ. ಪೂರ್ವಪಕ್ಷ: ಹಾಗಾದರೆ ಟ್ಯಾಕ್ ಕೆಟ್ಟಿದೆ. ಉತ್ತರ: ಅವಳು ಹಾಕಿದ್ದು ನಿನ್ನ ಟ್ಯಾಕನ್ನೇ, ನಿನ್ನನ್ನು ಕೇಳದೆ.

ಎಲ್ಲ ಲ್ಯಾಬಿನಲ್ಲೂ ಇಂಥ ಜೂನಿಯರ್ ಸಿಗುವುದಿಲ್ಲವಾದ್ದರಿಂದ ಅನ್ವಯ-ವ್ಯತಿರೇಕಗಳನ್ನು ಟ್ಯೂಬಿನಲ್ಲೇ ಇಡಬೇಕು. ಡಿಎನ್‌ಎ ಇದ್ದಲ್ಲಿ ಬ್ಯಾಂಡ್ ಉಂಟು ಎಂಬ ಅನ್ವಯವೇ ಪಾಸಿಟಿವ್ ಕಂಟ್ರೋಲ್. ಡಿಎನ್‌ಎ ಇಲ್ಲದಲ್ಲಿ ಬ್ಯಾಂಡ್ ಇಲ್ಲ ಎಂಬ ವ್ಯತಿರೇಕವೇ ನೆಗೆಟಿವ್ ಕಂಟ್ರೋಲ್. ಮೊದಲನೆಯದನ್ನು ಮರೆತವರಿಗೆ ಅಸಂಭವದ ಕಾರಣ ತಿಳಿಯುವುದಿಲ್ಲ. ಎರಡನೆಯದನ್ನು ಬಿಟ್ಟವರ ಗತಿ ಇನ್ನೂ ಕಷ್ಟ: ಬ್ಯಾಂಡ್ ಬಂದರೂ ಅದು ಯಾರದೆಂದು ತಿಳಿಯುವುದಿಲ್ಲ. ಮುಗಿದ ಟ್ಯೂಬಿನ ಮುಚ್ಚಳ ತೆಗೆದಾಗ ಹಾರುವ ಕಾಣದ ಹನಿಯಲ್ಲೂ ನಕಲುಗಳಿರುತ್ತವೆ. ಆದ್ದರಿಂದಲೇ ಮಿಕ್ಸ್ ಮಾಡುವ ಜಾಗ ಬೇರೆ, ಜೆಲ್ ಓಡಿಸುವ ಜಾಗ ಬೇರೆ, ಫಿಲ್ಟರ್ ಟಿಪ್ ಎಂಬ ಮಡಿಯ ನಿಯಮಗಳು.

16ಎಸ್‌ಗೆ ಮಾತ್ರ ಒಂದು ವಿಶೇಷ ವಿಧಿ. ಟ್ಯಾಕನ್ನು ಸಾಮಾನ್ಯವಾಗಿ ತಯಾರಿಸುವುದು ಇ. ಕೋಲಿಯೊಳಗೆ, ಶುದ್ಧೀಕರಿಸಿದ ಕಿಣ್ವದಲ್ಲೂ ಅದರ ಡಿಎನ್‌ಎ ಚೂರುಪಾರು ಉಳಿದಿರಬಹುದು. ಬಹುತೇಕ ಎಲ್ಲ ಬ್ಯಾಕ್ಟೀರಿಯಾಕ್ಕೂ ಅಂಟುವ ಪ್ರೈಮರ್ ಇದನ್ನೂ ಬಿಡುವುದಿಲ್ಲ. 35, 40 ಸುತ್ತು ಓಡಿಸಿದರೆ ಬರೀ ನೀರಿನ ಟ್ಯೂಬಿನಲ್ಲೂ 1500ರ ಬ್ಯಾಂಡ್ ಮೂಡಬಹುದು. ಮಡಿ ಎಷ್ಟೇ ಬಿಗಿಯಾಗಿದ್ದರೂ ಮೈಲಿಗೆ ಕಿಣ್ವದ ಜೊತೆಯಲ್ಲೇ ಬಂದಿತ್ತು. ಸುತ್ತು ಇಳಿಸುವುದೇ ಇದಕ್ಕೆ ಪ್ರಾಯಶ್ಚಿತ್ತ.

ನಾಲ್ಕನೆಯ ಅಧಿಕರಣ: ಅನ್ಯಥಾಸಿದ್ಧ

ಗಡಿಗೆಗೆ ಕುಂಬಾರ ಕಾರಣ, ಮಣ್ಣು ಕಾರಣ, ಚಕ್ರ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಗಡಿಗೆ ಹುಟ್ಟುವ ಮೊದಲು ಅಲ್ಲೇ ಇತ್ತಾದರೂ ಕಾರಣವಲ್ಲ, ಅನ್ಯಥಾಸಿದ್ಧ ಎನ್ನುತ್ತದೆ ನ್ಯಾಯ. ಸೋಲಿನಿಂದ ರೋಸಿದವರು ಒಂದೇ ಸಲಕ್ಕೆ ತಾಪ ಇಳಿಸಿ, ಮೆಗ್ನೀಸಿಯಮ್ ಏರಿಸಿ, ಡಿಎಂಎಸ್‌ಒ ಹನಿಸಿ, ಹೊಸ ಟ್ಯಾಕ್ ತರಿಸುತ್ತಾರೆ. ಬ್ಯಾಂಡ್ ಬರುತ್ತದೆ. ಪುಣ್ಯ ಯಾರದು? ಗೊತ್ತಾಗದ್ದರಿಂದ ನಾಲ್ಕಕ್ಕೂ ಪೂಜೆ. ಲ್ಯಾಬಿನ ಫ್ರಿಜ್ಜಿಗೆ ಅಂಟಿಸಿದ ಪ್ರೋಟೋಕಾಲಿನಲ್ಲಿ "ಡಿಎಂಎಸ್‌ಒ 5%, ತಪ್ಪದೆ" ಎಂಬ ಸಾಲು ಸೇರುವುದು ಹೀಗೆ. ಜಿ-ಸಿ ಬಹಳ ಇರುವ ಬಿಗಿ ತುಣುಕನ್ನು ಬಿಡಿಸಲು ಅದು ಬೇಕು. ಸಾಧಾರಣ 16ಎಸ್‌ಗೆ ಬೇಡ, ಹೆಚ್ಚಾದರೆ ಟ್ಯಾಕ್‌ನ ಕೈಯನ್ನೇ ಕಟ್ಟುತ್ತದೆ. ಆದರೆ ಬರೆದವರು ಪಿಎಚ್‌ಡಿ ಮುಗಿಸಿ ಹೋಗಿಯಾಗಿದೆ. ಅಳಿಸುವ ಧೈರ್ಯ ಉಳಿದವರಿಗಿಲ್ಲ. ಹಳೆಯ ಲ್ಯಾಬಾದಷ್ಟೂ ಕತ್ತೆಗಳ ಮಂದೆ ದೊಡ್ಡದು.

ಸಿದ್ಧಾಂತ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡೂ ಕಂಟ್ರೋಲುಗಳನ್ನು ಪ್ರತಿ ಸಲವೂ ಇಡಬೇಕು. ಇದರಿಂದ ದಿನ ಹೆಚ್ಚು ಹಿಡಿಯುತ್ತದೆ, ನಿಜ. ತಿಂಗಳು ಉಳಿಯುತ್ತದೆ.

ಫಲಶ್ರುತಿ

ಈ ಪ್ರಕರಣವನ್ನು ಓದಿದವರಿಗೆ ಬ್ಯಾಂಡ್ ಬಂದೇ ಬರುತ್ತದೆಂದು ನಾವು ಹೇಳುವುದಿಲ್ಲ. ಬಾರದ ದಿನ ಗೈಡ್ ಬಾಗಿಲಲ್ಲಿ ನಿಂತು "ಏನಾಯ್ತಮ್ಮಾ?" ಎಂದು ಕೇಳಿದಾಗ, "ಗೊತ್ತಿಲ್ಲ ಸರ್, ಇನ್ನೊಂದ್ಸಲ ಹಾಕ್ತೀನಿ" ಎನ್ನುವ ಬದಲು, "ಪಾಸಿಟಿವ್ ಬಂದಿದೆ ಸರ್, ನೆಗೆಟಿವ್ ಖಾಲಿ ಇದೆ, ತೊಂದರೆ ಇರೋದು ನನ್ನ ಡಿಎನ್‌ಎಯಲ್ಲೇ" ಎನ್ನುವ ಯೋಗ ಪ್ರಾಪ್ತವಾಗುತ್ತದೆ. ಇನ್ನೊಂದು ಬಾಟಲಿ ಟ್ಯಾಕ್ ತರಿಸಲು ಅವರು ಸಹಿ ಹಾಕುವುದು ಈ ಎರಡನೆಯ ಉತ್ತರ ಕೊಟ್ಟವರಿಗೇ. ಆದರೆ ಆ ಉತ್ತರ ಗೊತ್ತಿದ್ದವರಿಗೆ ಟ್ಯಾಕ್ ಬೇಕಾಗಿರುವುದಿಲ್ಲ.